ಹಂದಿಗೆ ಬಸಿದ ಅನ್ನ

ನಾನು ಮೂಡುಬಿದಿರೆಯ ಹತ್ತಿರದ ಒಂದು ಕೋಳಿ ಆಹಾರದ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಚೀಲಕ್ಕೆ ಜೋಳ ಎಷ್ಟು, ಸೋಯಾ ಹಿಂಡಿ ಎಷ್ಟು, ಸುಣ್ಣ ಎಷ್ಟು ಎಂದು ಲೆಕ್ಕ ಹಾಕುವವಳು ನಾನು. ಮದುವೆ ಮನೆಗಳಲ್ಲಿ ಇದನ್ನು ಹೇಳಿದರೆ ಎಲ್ಲರದ್ದೂ ಒಂದೇ ಪ್ರಶ್ನೆ, ಕೋಳಿಗೆ ಇಂಜೆಕ್ಷನ್ ಕೊಡುವುದು ಹೌದಾ ಎಂದು. ಮೊದಲೆಲ್ಲ ಕೂತು ವಿವರಿಸುತ್ತಿದ್ದೆ. ಈಗ "ಹೌದು, ದಿನಾ ಬೆಳಿಗ್ಗೆ ಒಂದೊಂದನ್ನೇ ಹಿಡಿದು ನಾನೇ ಚುಚ್ಚುತ್ತೇನೆ" ಎಂದು ಹೇಳಿ ಊಟಕ್ಕೆ ಹೋಗುತ್ತೇನೆ. ನನ್ನ ಬಾಯಿ ಸರಿಯಿಲ್ಲ ಎಂದು ನಮ್ಮವರಲ್ಲಿ ಹೆಸರಿದೆ. ಯಾವುದಕ್ಕೂ "ಆಗ್ತದೆ" ಎನ್ನುವವಳಲ್ಲ ಎಂಬ ಇನ್ನೊಂದು ದೂರೂ ಇದೆ. ಅದು ನಿಜ. ಲೆಕ್ಕ ಹಾಕುವ ಮೊದಲು ನನ್ನ ಬಾಯಿಂದ ಬರುವುದು "ನೋಡುವ" ಎಂಬ ಮಾತು ಮಾತ್ರ.

ನನ್ನ ಅಕ್ಕ ಇರುವುದು ನರಿಕೊಂಬಿನಲ್ಲಿ, ನಮ್ಮ ತಾಯಿಯ ಮನೆಯಲ್ಲಿ. ಅದು ತಾಯಿಯ ಕಡೆಯವರೆಲ್ಲರಿಗೂ ಸೇರಿದ ಕುಟುಂಬದ ಮನೆ. ಚಾವಡಿಗೆ ತಾಗಿದ ಕೋಣೆಯಲ್ಲಿ ಪಂಜುರ್ಲಿ ದೈವದ ಮಂಚವಿದೆ. ಸುಗ್ಗಿ ತಿಂಗಳಲ್ಲಿ ಒಂದು ದಿನ ಕುಟುಂಬದವರೆಲ್ಲ ಸೇರಿ ದೈವಕ್ಕೆ ತಂಬಿಲದ ಸೇವೆ ಕೊಡುತ್ತಾರೆ, ಉಂಡು ಹೋಗುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿ ಗುಡಿಸುವುದು, ಒರಸುವುದು, ದೀಪ ಇಡುವುದು ಎಲ್ಲ ಅಕ್ಕನ ಪಾಲಿಗೆ. ಭಾವ ಗಲ್ಫಿನಲ್ಲಿ ಒಂದು ಕಂಪೆನಿಯ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದರು. ಅವರು ಬಂದದ್ದೇ ಅಕ್ಕ ಬೀಡಿ ಕಟ್ಟುವುದನ್ನು ಬಿಟ್ಟಳು. ಶಾಲೆ ಬಿಟ್ಟಂದಿನಿಂದ ಕಟ್ಟಿದವಳು, ಕುತ್ತಿಗೆ ಬಗ್ಗಿಸಿದರೆ ಎತ್ತಲಿಕ್ಕೆ ಆಗದಷ್ಟು ನೋವು. ಆಮೇಲೆ ಏನು ಮಾಡುವುದೆಂದು ಮೂರು ಹೊತ್ತೂ ಯೋಚಿಸಿ, ಪೊಳಲಿಯ ಕಡೆ ಪರಿಚಯದವರೊಬ್ಬರ ಹಂದಿ ಹಟ್ಟಿಯನ್ನು ನೋಡಿಬಂದು, ಒಂದು ದಿನ ನನಗೆ ಫೋನ್ ಮಾಡಿದಳು.

"ನಾನು ಹಂದಿ ಸಾಕ್ತೇನೆ. ನೀನು ಬೇಡ ಹೇಳ್ಬೇಡ."

"ನಾನೆಂತಕ್ಕೆ ಬೇಡ ಹೇಳುವುದು? ಮಾವ ಹೇಳ್ತಾರೆ."

"ಹೇಳಲಿ. ಬೀಡಿ ಕಟ್ಟಿದ್ದು ಮನೆಗೆ. ಇದು ನನಗೆ."

ಇಷ್ಟು ವರ್ಷಗಳಲ್ಲಿ ಅವಳು ಏನನ್ನಾದರೂ 'ನನಗೆ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ನಮ್ಮವರಲ್ಲಿ ಹಂದಿ ಮಾಂಸ ತಿನ್ನುವವರಿಲ್ಲ ಎಂದೇನಲ್ಲ. ಕ್ರೈಸ್ತರ ಮದುವೆಗೆ ಹೋದಾಗ ಯಾರು ಯಾವ ಪಾತ್ರೆಯ ಎದುರು ನಿಲ್ಲುತ್ತಾರೆಂದು ನನಗೆ ಗೊತ್ತಿದೆ, ಮಾವನೂ ಸೇರಿ. ಆದರೆ ತಿನ್ನುವುದು ಬೇರೆ, ಕುಟುಂಬದ ಮನೆಯ ಹಿತ್ತಲಲ್ಲಿ ಸಾಕುವುದು ಬೇರೆ. ಮಾವ ಎಂದರೆ ನಮ್ಮ ತಾಯಿಯ ಅಣ್ಣ, ಕುಟುಂಬದ ಯಜಮಾನರು. ಮುಂಡಾಜೆಯಲ್ಲಿ ರಬ್ಬರ್ ತೋಟ ಮಾಡಿಕೊಂಡಿದ್ದಾರೆ. ರಬ್ಬರ್ ಶೀಟ್ ಒಣಗಿಸುವ ಕಡೆ ಎಂಥ ನಾತ ಇರುತ್ತದೆಂದು ಅಲ್ಲಿಗೆ ಹೋದವರಿಗೆ ಗೊತ್ತು. ಮಾವ ಅದರ ಮಗ್ಗುಲಲ್ಲೇ ಕೂತು ಕಾಫಿ ಕುಡಿಯುವವರು. ನರಿಕೊಂಬಿಗೆ ಬಂದ ಕೂಡಲೇ ಅವರ ಮೂಗು ಚುರುಕಾಯಿತು.

ಮರಿಗಳು ಬಂದು ಸ್ವಲ್ಪ ದಿನವಾಗಿತ್ತು. ಅವತ್ತು ನಾನೂ ಅಲ್ಲಿಗೆ ಹೋಗಿದ್ದೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಹಟ್ಟಿಯ ವಾಸನೆ ನೇರ ಚಾವಡಿಗೆ ಬಂತು. ವಾಸನೆ ಇದ್ದದ್ದು ನಿಜ, ಕಣ್ಣಲ್ಲಿ ನೀರು ಬರುವಂಥದ್ದು. ಮಾವ ಹೆಗಲ ಮೇಲಿನ ಬೈರಾಸಿನಿಂದ ಮೂಗು ಮುಚ್ಚಿಕೊಂಡು ದೈವದ ಕೋಣೆಯ ಎದುರೇ ನಿಂತು ಹೇಳಿದರು: "ತಂಬಿಲಕ್ಕೆ ಕುಟುಂಬ ಸೇರುವಾಗ ಈ ವಾಸನೆ ಇರ್ಬಾರ್ದು. ಇದ್ರೆ ಹಟ್ಟಿ ತೆಗೀಬೇಕು."

ಅಕ್ಕ ಕೇಳಿದಳು, "ಇಲ್ಲದಿದ್ರೆ?"

ಮಾವನಿಗೆ ಆ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ. "ಇಲ್ಲದಿದ್ರೆ ಇರಲಿ" ಎಂದುಬಿಟ್ಟರು. ದೈವದ ಎದುರು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದೆಗೆದುಕೊಳ್ಳುವುದಿಲ್ಲ. ಅಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು, ಆ ಜಾಗದಲ್ಲೇ ಕೇಳಿದ್ದು ಅದಕ್ಕೇ.

ಮಾವ ಹೋದ ಮೇಲೆ ಅಡುಗೆಮನೆಯಲ್ಲಿ ಅವಳಿಗೆ ಸಿಟ್ಟು ಬಂತು. "ಒಳಗೆ ಪಂಜುರ್ಲಿಗೆ ಕೈ ಮುಗಿಯುದು, ಅದಕ್ಕೆ ಹಂದಿಯದ್ದೇ ಮೊಗ ಇಡುದು. ಹೊರಗೆ ಹಂದಿ ಅಂದ್ರೆ ಮೂಗು ಮುಚ್ಚುದು." ಭಾವ "ಮೆಲ್ಲ ಮಾತಾಡು" ಎಂದರು. ಮನೆಯಲ್ಲಿ ಆಗ ನಾವು ಮೂವರು ಮತ್ತು ಒಂದು ದನ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ವಾಸನೆಯ ವಿಷಯ ನನಗೆ ಬಿಟ್ಟದ್ದಾಯಿತು. ಭಾವ ಮರಿಗಳಿಗೆ ಏನು ಕೊಡುತ್ತಿದ್ದಾರೆಂದು ನೋಡಿದೆ. ಕುಚ್ಚಲಕ್ಕಿಯ ನುಚ್ಚು, ತೌಡು, ನೆಲಗಡಲೆ ಹಿಂಡಿ, ಸೋಯಾ ಹಿಂಡಿ, ಅದರ ಮೇಲೆ ಒಣಮೀನಿನ ಪುಡಿ, ಅದೂ ಕೈತುಂಬ. ಮೀನು ಹೆಚ್ಚು ಹಾಕಿದಷ್ಟೂ ಹಂದಿ ಬೇಗ ಬೆಳೆಯುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಹಾಗೆ ಬೆಳೆಯುವುದಾಗಿದ್ದರೆ ಮೀನಿನ ಬಂದರಿನ ಬೆಕ್ಕುಗಳೆಲ್ಲ ಕರುವಿನಷ್ಟಿರಬೇಕಿತ್ತು ಎಂದೆ. ಭಾವನಿಗೆ ನಗು ಬರಲಿಲ್ಲ.

ವಿಷಯ ಸರಳ. ಪ್ರೋಟೀನು ಹೊಟ್ಟೆಗೆ ಹೋದ ಮೇಲೆ ತುಂಡಾಗಿ ಅಮೈನೋ ಆಮ್ಲಗಳಾಗುತ್ತದೆ. ಅವು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ ಮಾಂಸವಾಗುತ್ತವೆ. ಮೈಗೆ ಬೇಕಾದಷ್ಟು ಆದ ಮೇಲೆ ಉಳಿದದ್ದನ್ನು ಕೂಡಿಡಲು ಹಂದಿಗೆ ಗೊತ್ತಿಲ್ಲ. ಅದನ್ನು ಒಡೆದು ಮೂತ್ರದಲ್ಲಿ ಕಳಿಸುತ್ತದೆ. ಆ ಮೂತ್ರ ನೆಲದಲ್ಲಿ ಗೊಬ್ಬರಕ್ಕೆ ಸೇರಿದಾಗ ಬರುವುದೇ ಮಾವನ ಮೂಗಿಗೆ ಹೊಡೆದ ನಾತ. ಹಾಗಾಗಿ ಪ್ರೋಟೀನು ಇಳಿಸಬೇಕು. ಆದರೆ ಸುಮ್ಮನೆ ಇಳಿಸಿದರೆ ಬೆಳೆಯುವ ಹಂದಿಗೆ ಒಂದೆರಡು ಅಮೈನೋ ಆಮ್ಲ ಸಾಲದೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಸಾಲದಾಗುವುದು ಲೈಸಿನ್. ಅದು ಪುಡಿಯಾಗಿ ಸಿಗುತ್ತದೆ, ನಮ್ಮ ಮಿಲ್ಲಿನಲ್ಲಿ ಕೋಳಿಗೂ ಹಾಕುತ್ತೇವೆ.

ಅಕ್ಕನಿಗೆ ಅರ್ಥವಾಗಬೇಕೆಂದು ಬೀಡಿಯ ಲೆಕ್ಕದಲ್ಲೇ ಹೇಳಿದೆ. "ಎಲೆ ಉಂಟು, ಹೊಗೆಸೊಪ್ಪು ಉಂಟು, ನೂಲು ಮುಗಿಯಿತು. ಎಷ್ಟು ಬೀಡಿ ಕಟ್ತೀ?"

"ನೂಲು ಇಲ್ಲದೆ ಎಂತ ಕಟ್ಟುದು?"

"ಲೈಸಿನ್ ಅಂದ್ರೆ ನೂಲು. ನೀವು ಎಲೆ, ಸೊಪ್ಪು ರಾಶಿ ಹಾಕ್ತಾ ಇದ್ದೀರಿ. ಅದು ಉಳಿದು ಕೊಳೀತಾ ಉಂಟು."

ಅವಳು ಒಂದೇ ಸಲಕ್ಕೆ ಹಿಡಿದಳು. ಒಣಮೀನನ್ನು ಪೂರ್ತಿ ಬಿಡಿಸಿದೆ, ಎರಡೂ ಹಿಂಡಿಯನ್ನು ಕಡಿಮೆ ಮಾಡಿಸಿದೆ. ಲೈಸಿನ್ನನ್ನೂ ಅದರ ಜೊತೆಗೆ ಬೇಕಾದ ಇನ್ನೆರಡು ಪುಡಿಗಳನ್ನೂ ಒಂದು ದಿನದ ಅಳತೆಗೆ ಬೆರೆಸಿ ಪೊಟ್ಟಣ ಕಟ್ಟಿ ತಂದುಕೊಟ್ಟೆ. "ಅನ್ನಕ್ಕೆ ಹಾಕಿ ಕಲಸಿ" ಎಂದು ಭಾವನಿಗೆ ಹೇಳಿದೆ. "ಆಗ್ಲಿ" ಎಂದರು. ಅಡುಗೆಯ ವಿಷಯದಲ್ಲಿ ಅವರಿಗೆ ಎರಡು ಸಲ ಹೇಳಿದರೆ ಬೇಸರವಾಗುತ್ತದೆ, ಹಾಗಾಗಿ ಒಂದೇ ಸಲ ಹೇಳಿದೆ.

ಮುಂದಿನ ತಿಂಗಳು ಅಕ್ಕನ ಫೋನಿನಲ್ಲಿ ಖುಷಿ ಇತ್ತು. ವಾಸನೆ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ, ಆದರೆ ಚಾವಡಿಯಲ್ಲಿ ಕೂತು ಉಣ್ಣಬಹುದಿತ್ತು. ಅದರ ಮುಂದಿನ ತಿಂಗಳು ಭಾವನ ಫೋನು ಬಂತು. ಭಾವ ನನಗೆ ಫೋನು ಮಾಡುವವರೇ ಅಲ್ಲ.

"ನಿನ್ನ ಪುಡಿ ಎಂತ ಮಾಡುದಿಲ್ಲ ಮಾರಾಯ್ತಿ. ಹಂದಿ ನಿಂತಲ್ಲೇ ನಿಂತಿದೆ."

ಭಾನುವಾರ ಸಿದ್ದಕಟ್ಟೆಯ ದಾರಿಯ ಬಸ್ಸು ಹಿಡಿದು ಹೋದೆ. ಅವರು ಹೇಳಿದ್ದು ಸರಿ. ಮರಿಗಳು ಉದ್ದ ಬಂದಿರಲಿಲ್ಲ. ಬೆನ್ನು ಮುಟ್ಟಿದರೆ ಕೊಬ್ಬು ಕೈಗೆ ಸಿಗುತ್ತಿತ್ತು, ತೊಡೆಯಲ್ಲಿ ಮಾಂಸವೇ ಇಲ್ಲ. ಮೇ ತಿಂಗಳ ಮದುವೆಗಳಿಗೆಂದು ಮಾತಾಡಿ ಹೋಗಿದ್ದ ಅಡುಗೆ ಕಂಟ್ರಾಕ್ಟರ್ ಒಬ್ಬರು ಹಿಂದಿನ ವಾರ ಬಂದು ನೋಡಿ, "ಇದು ಬರೀ ನೆಣ, ನಮಗೆ ಮಾಂಸ ಬೇಕು" ಎಂದು ಹೋಗಿದ್ದರಂತೆ. ಅಕ್ಕ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು.

ಭಾವನ ಪ್ರಕಾರ ಒಣಮೀನು ತಿರುಗಿ ಶುರು ಮಾಡಬೇಕಿತ್ತು. ಅಕ್ಕ ಒಪ್ಪಲಿಲ್ಲ.

"ಮೀನು ಹಾಕಿದ್ರೆ ವಾಸನೆ ಬರ್ತದೆ. ವಾಸನೆ ಬಂದ್ರೆ ಹಟ್ಟಿ ಹೋಗ್ತದೆ."

"ಬೆಳೆಯದ ಹಂದಿಗೆ ಹಟ್ಟಿ ಎಂತಕ್ಕೆ?"

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ನನಗೆ ಸಿಟ್ಟು ಬರುತ್ತದೆ, ಅವತ್ತೂ ಬಂತು. ಪುಡಿಯೇ ಹಾಳಾಗಿರಬೇಕು ಎಂದು ಮೂಡುಬಿದಿರೆಗೆ ಬಂದು ಹೊಸ ಚೀಲ ಒಡೆಸಿ ಬೇರೆ ಪೊಟ್ಟಣ ಕಟ್ಟಿದೆ. ಅದೇ ಚೀಲದ ಪುಡಿ ತಿಂದ ಕೋಳಿಗಳು ಚೆನ್ನಾಗಿ ಬೆಳೆಯುತ್ತಿದ್ದವು. ಹೊಸ ಪೊಟ್ಟಣದಿಂದಲೂ ನರಿಕೊಂಬಿನಲ್ಲಿ ಏನೂ ಬದಲಾಗಲಿಲ್ಲ. ತಂಬಿಲ ಹತ್ತಿರ ಬರುತ್ತಿತ್ತು.

ಕೊನೆಗೆ ಒಂದು ಶನಿವಾರ ಸಂಜೆಯೇ ಹೋಗಿ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದು, ಏನನ್ನೂ ಹೇಳದೆ, ಹಿತ್ತಲಿನ ಒಲೆಯ ಹತ್ತಿರ ಕಾಫಿ ಲೋಟ ಹಿಡಿದು ಕೂತೆ. ಭಾವ ಕೊಪ್ಪರಿಗೆ ತುಂಬ ನೀರು ಕಾಯಿಸಿ ನುಚ್ಚು ತೊಳೆದು ಹಾಕಿದರು. ಮನುಷ್ಯರಿಗೆ ಮಾಡುವಷ್ಟೇ ಶ್ರದ್ಧೆಯಿಂದ ನೊರೆ ತೆಗೆದರು. ಅನ್ನ ಅರ್ಧ ಬೆಂದಾಗ ನನ್ನ ಪೊಟ್ಟಣ ಬಿಚ್ಚಿ ಕೊಪ್ಪರಿಗೆಗೆ ಸುರಿದು ಕಲಕಿದರು. ಮೆಸ್ಸಿನಲ್ಲಿ ಉಪ್ಪು ಹಾಕುತ್ತಿದ್ದದ್ದೂ ಅದೇ ಹೊತ್ತಿಗಂತೆ. ಇಷ್ಟರವರೆಗೆ ನನಗೆ ಏನೂ ಅನ್ನಿಸಲಿಲ್ಲ.

ಆಮೇಲೆ ಅಗುಳು ಹಿಚುಕಿ ನೋಡಿ, ಕೊಪ್ಪರಿಗೆಯ ಬಾಯಿಗೆ ಬಿದಿರಿನ ತಟ್ಟಿ ಕೊಟ್ಟು, ಅಡಿಗೆ ಬಕೆಟ್ ಇಟ್ಟು, ತಿಳಿ ಬಸಿಯತೊಡಗಿದರು. ಬಿಳಿ ಗಂಜಿನೀರು ಬಳಬಳ ಇಳಿಯಿತು. ಬಕೆಟ್ಟಿನ ಸದ್ದು ಕೇಳಿದ್ದೇ ತಡ ಆಚೆಯ ಹಟ್ಟಿಯಲ್ಲಿ ದನ ಹಗ್ಗ ಎಳೆದು ಕೂಗಿತು. ಅಕ್ಕ ಬಂದು ಬಕೆಟ್ ಎತ್ತಿಕೊಂಡು ದನದ ಕಡೆ ಹೊರಟಳು. ನಮ್ಮ ಕಡೆ ಕುಚ್ಚಲಕ್ಕಿ ಬೇಯಿಸುವ ಮನೆಗಳಲ್ಲಿ ದಿನಾ ಬೆಳಿಗ್ಗೆ ನಡೆಯುವುದು ಇದೇ. ಅನ್ನ ಬಸಿಯಬೇಕು, ತಿಳಿ ದನಕ್ಕೆ ಹೋಗಬೇಕು. ನಾನೂ ಚಿಕ್ಕಂದಿನಲ್ಲಿ ಅದೇ ಬಕೆಟ್ ಹೊತ್ತವಳು, ಹಾಗಾಗಿ ಅವತ್ತು ಕೂಡ ಅದು ಒಂದು ಕ್ಷಣ ಕಣ್ಣಿಗೆ ಬೀಳಲೇ ಇಲ್ಲ.

"ನಿಲ್ಲು" ಎಂದೆ. ಬಕೆಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಗಂಜಿಯ ರುಚಿಯ ಹಿಂದೆ ಒಂದು ಬೇರೆ ರುಚಿ ಇತ್ತು, ಉಪ್ಪೂ ಅಲ್ಲ, ಸಿಹಿಯೂ ಅಲ್ಲ. ಮಿಲ್ಲಿನಲ್ಲಿ ದಿನಾ ಮೂಗಿಗೂ ತುಟಿಗೂ ಹತ್ತುವ ರುಚಿ ಅದು.

ಲೈಸಿನ್ ಪುಡಿ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿಹೋಗುತ್ತದೆ. ಹೆಚ್ಚಿನ ಪಾಲು ತಿಳಿಯ ಜೊತೆ ಇಳಿದು ಹೋಗುತ್ತಿತ್ತು. ಹಂದಿಗಳಿಗೆ ಸಿಗುತ್ತಿದ್ದದ್ದು ಬಸಿದ ಅನ್ನ, ತೌಡು, ನಾನೇ ಕಡಿಮೆ ಮಾಡಿಸಿದ ಹಿಂಡಿ. ಎಲೆಯೂ ಕಡಿಮೆ, ಸೊಪ್ಪೂ ಕಡಿಮೆ, ನೂಲಂತೂ ಇಲ್ಲವೇ ಇಲ್ಲ.

ನನಗೆ ಕೂಗಬೇಕೆನಿಸಿತು, ಕೂಗಿದೆ ಕೂಡ. "ಭಾವ, ಹಂದಿಯ ಅನ್ನಕ್ಕೆ ತಿಳಿ ಬಸಿಯುವವರು ಯಾರಾದ್ರೂ ಉಂಟಾ?"

ಭಾವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ತಿಳಿ ಬಸೀದೆ ಅದು ಎಂತ ಅನ್ನ? ಮತ್ತೆ ನೀರು ನೀರು ಕೊಟ್ರೆ ಹಟ್ಟಿ ಚಂಡಿ ಆಗ್ತದೆ, ವಾಸನೆ ಹೆಚ್ಚು." ಎರಡನೆಯ ಮಾತಿನಲ್ಲಿ ಹುರುಳಿತ್ತು, ಅದಕ್ಕೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಅಕ್ಕ ಬಕೆಟ್ ಕೆಳಗಿಟ್ಟಳು. "ಹಾಗಾದ್ರೆ ಎಲ್ಲ ದನಕ್ಕೆ ಆಯ್ತಾ? ದನವಾದ್ರೂ ಬೆಳೀತದಲ್ಲ."

"ಇಲ್ಲ. ದನದ ದೊಡ್ಡ ಹೊಟ್ಟೆಯಲ್ಲಿ ಇರುವ ಕಣ್ಣಿಗೆ ಕಾಣದ ಹುಳುಗಳು ಮೊದಲು ತಿಂದು ಮುಗಿಸ್ತವೆ. ಕರುಳಿಗೆ ಹೋಗುವಾಗ ಎಂತದೂ ಇರುದಿಲ್ಲ."

"ಯಾರಿಗೂ ಆಗಲಿಲ್ಲ ಹಾಗಾದ್ರೆ" ಎಂದು ಅವಳು ಅಲ್ಲೇ ಕಟ್ಟೆಯ ಮೇಲೆ ಕೂತಳು. ಅವಳ ಮುಖ ನೋಡಿ ನನ್ನ ಸಿಟ್ಟು ಹೋಯಿತು, ಬೇಸರ ಮಾತ್ರ ಉಳಿಯಿತು.

ಅವತ್ತಿನಿಂದ ಕ್ರಮ ಬದಲಾಯಿತು. ಅನ್ನ ಬಸಿಯಬಹುದು, ಭಾವನ ಸಮಾಧಾನಕ್ಕೆ ಮತ್ತು ಹಟ್ಟಿ ಒಣಗಿರಲಿಕ್ಕೆ. ಆದರೆ ಪುಡಿ ಬೀಳಬೇಕಾದದ್ದು ಅನ್ನ ಆರಿದ ಮೇಲೆ, ತೌಡು ಮತ್ತು ಹಿಂಡಿಯ ಜೊತೆ ಕಲಸುವಾಗ. ಇನ್ನೊಂದು ವಿಷಯವನ್ನೂ ಅವತ್ತೇ ನೋಡಿದೆ. ಭಾವ ಬೆಳಿಗ್ಗೆ ಒಂದೇ ಸಲ ದೊಡ್ಡ ಊಟ ಹಾಕಿ, ಸಂಜೆ ಸೊಪ್ಪು, ಹಣ್ಣಿನ ಸಿಪ್ಪೆ ಹಾಕುತ್ತಿದ್ದರು. ಪುಡಿಯ ಲೈಸಿನ್ನಿಗೆ ಅದು ಸರಿಹೋಗುವುದಿಲ್ಲ. ಹಿಂಡಿಯೊಳಗಿನ ಪ್ರೋಟೀನನ್ನು ಕರುಳು ತುಂಡುತುಂಡು ಮಾಡಿ ತೆಗೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಪುಡಿ ಮೊದಲೇ ಬಿಡಿಬಿಡಿಯಾಗಿರುವುದರಿಂದ ಕರುಳಿನ ಶುರುವಿನಲ್ಲೇ ರಕ್ತಕ್ಕೆ ಸೇರುತ್ತದೆ. ಒಂದೇ ಊಟವಾದರೆ ಲೈಸಿನ್ ಮೊದಲೇ ಬಂದು ಉಳಿದ ಅಮೈನೋ ಆಮ್ಲಗಳನ್ನು ಕಾದು ಕಾದು ಹೊರಟುಹೋಗಿರುತ್ತದೆ. ಆದ್ದರಿಂದ ಅದೇ ಆಹಾರವನ್ನು ಮೂರು ಪಾಲು ಮಾಡಿ ಕೊಡಬೇಕು, ಆಗ ಒಂದು ಊಟದ ಹಿಂಡಿ ಕರಗುವ ಹೊತ್ತಿಗೆ ಮುಂದಿನ ಊಟದ ಲೈಸಿನ್ ಬಂದು ಸೇರುತ್ತದೆ ಎಂದೆ. ಮೆಸ್ಸಿನಲ್ಲಿ ಮೂರು ಹೊತ್ತು ಬಡಿಸಿದ ಭಾವನಿಗೆ ಈ ಮಾತು ಬಹಳ ಹಿಡಿಸಿತು. ಹೊತ್ತಿಗೆ ಸರಿಯಾಗಿ ಹಟ್ಟಿಯ ಎದುರು ಹಾಜರಾಗತೊಡಗಿದರು. ಹಂದಿಗಳು ಅವರ ಕೆಮ್ಮಿಗೆ ಎದ್ದು ನಿಲ್ಲುವುದನ್ನು ಕಲಿತವು.

ತಂಬಿಲದ ದಿನ ಹತ್ತಿರವಾಗುವಾಗ ಮರಿಗಳ ಮೈ ತಿರುಗಿತ್ತು. ತೊಡೆ ತುಂಬತೊಡಗಿತ್ತು, ಆದರೆ ಹೋದ ದಿನ ಹೋದದ್ದೇ. ಇರಬೇಕಾದ ತೂಕಕ್ಕೆ ಇನ್ನೂ ಬಹಳ ಬಾಕಿ ಇತ್ತು. ಮೇ ತಿಂಗಳಿಗೆ ಆಗ್ತದಾ ಎಂದು ಅಕ್ಕ ಪ್ರತಿ ಫೋನಿನಲ್ಲೂ ಕೇಳುತ್ತಿದ್ದಳು. "ನೋಡುವ" ಎನ್ನುತ್ತಿದ್ದೆ. ವಾಸನೆ ಮಾತ್ರ ನನಗೇ ನಂಬಿಕೆ ಬಾರದಷ್ಟು ಇಳಿದಿತ್ತು. ಮೈಗೆ ಬೇಕಾದದ್ದು ಮೈಗೆ ಸೇರತೊಡಗಿದ ಮೇಲೆ ನೆಲಕ್ಕೆ ಬೀಳುವುದು ಕಡಿಮೆಯಾಗುತ್ತದೆ.

ತಂಬಿಲದ ದಿನ ಮಾವ ಬೆಳಿಗ್ಗೆಯೇ ಮುಂಡಾಜೆಯಿಂದ ಬಂದರು. ಜನ ಸೇರಿದರು, ಸೇವೆ ಆಯಿತು, ಪ್ರಸಾದ ಹಂಚಿದ್ದಾಯಿತು. ಯಾರೂ ವಾಸನೆಯ ಮಾತೆತ್ತಲಿಲ್ಲ. ಊಟಕ್ಕೆ ಎಲೆ ಹಾಕುವ ಮೊದಲು ಮಾವ ಚಾವಡಿಯ ಮೆಟ್ಟಿಲ ಮೇಲೆ ನಿಂತು ಗಾಳಿಯನ್ನು ಎಳೆದು ನೋಡಿದರು. ಬೈರಾಸು ಮೂಗಿಗೆ ಹೋಯಿತು.

"ವಾಸನೆ ಉಂಟಲ್ಲ" ಎಂದರು.

ಅಕ್ಕನ ಕೈಯಲ್ಲಿ ಬಾಳೆಲೆಯ ಕಟ್ಟು ಇತ್ತು. ಅದನ್ನು ನನ್ನ ಕೈಗೆ ಕೊಟ್ಟು, "ಎಲ್ಲಿಂದ ಬರ್ತದೆ ನೋಡುವ ಬನ್ನಿ ಮಾವ" ಎಂದಳು. ಮಾವ ಮುಂದೆ, ಅವಳು ಹಿಂದೆ, ಎಲೆಯ ಕಟ್ಟು ಹಿಡಿದುಕೊಂಡೇ ನಾನೂ ಹೋದೆ. ಮಾವ ಮೂಗು ಹಿಡಿದ ದಾರಿಯಲ್ಲೇ ನಡೆದು ಬಾವಿಕಟ್ಟೆ ದಾಟಿ ದನದ ಹಟ್ಟಿಯ ಎದುರು ನಿಂತರು. ಹಬ್ಬದ ಗಡಿಬಿಡಿಯಲ್ಲಿ ಅವತ್ತು ಯಾರೂ ಸಗಣಿ ಬಾಚಿರಲಿಲ್ಲ.

ಮಾವ ಬೈರಾಸು ಹೆಗಲಿಗೆ ಹಾಕಿಕೊಂಡರು. "ಇದು ದನದ್ದು" ಎಂದರು, ಏನೂ ಆಗದವರ ಹಾಗೆ.

"ಹೌದು, ದನದ್ದು. ಹಂದಿಯದ್ದು ಆಚೆ ಉಂಟು. ಅದನ್ನೂ ನೋಡಿ."

ಅಲ್ಲಿಯವರೆಗೆ ಮಾವ ಹಂದಿ ಹಟ್ಟಿಯ ಒಳಗೆ ಕಾಲಿಟ್ಟವರಲ್ಲ. ಅವತ್ತು ಹೋದರು, ಹೋಗದೆ ದಾರಿಯಿರಲಿಲ್ಲ. ನೆಲ ಒಣಗಿತ್ತು. ಭಾವನೆಂದು ಎಣಿಸಿ ಹಂದಿಗಳು ಕಂಬಿಯ ಹತ್ತಿರ ಬಂದು ಮೂತಿ ಎತ್ತಿದವು. ಮಾವ ಒಂದೊಂದನ್ನೇ ನೋಡಿದರು. ಅಕ್ಕ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮಾತು ತಪ್ಪಲಿಕ್ಕೆ ಮಾವ ಇನ್ನೇನು ಹುಡುಕುತ್ತಾರೋ ಎಂದು ಕಾದೆ.

"ಬೆಳವಣಿಗೆ ಸಾಲದು ಅಲ್ವಾ ಇದು?" ಎಂದರು ಮಾವ. ಬೇಸಾಯ ಮಾಡುವವರ ಕಣ್ಣು ಅದು, ತಪ್ಪಲಿಲ್ಲ.

"ಸಾಲದು. ಕೊಟ್ಟದ್ದು ಇವುಗಳ ಹೊಟ್ಟೆಗೆ ಸಿಗ್ಲಿಲ್ಲ ಮಾವ. ಸುಮಾರು ಸಮಯ ಬೇರೆ ಕಡೆ ಹೋಯ್ತು. ಈಗ ಸಿಗ್ತಾ ಉಂಟು."

ಮಾವ ಅವಳ ಕಡೆ ತಿರುಗಿದರು. ಅವಳ ಕುತ್ತಿಗೆಯನ್ನೋ, ಕಂಬಿ ಹಿಡಿದ ಬೆರಳುಗಳನ್ನೋ, ಏನನ್ನು ನೋಡಿದರೋ ಗೊತ್ತಿಲ್ಲ. ಪುನಃ ಹಂದಿಗಳ ಕಡೆ ನೋಡಿ ಕೇಳಿದರು: "ಮೇ ತಿಂಗಳ ಮದುವೆಗಳಿಗೆ ಆಗ್ತದಾ?"

ಹಟ್ಟಿ ಉಳಿಯಿತೆಂದು ನಮಗೆ ಗೊತ್ತಾದದ್ದು ಹಾಗೆ. ಅಕ್ಕ ಕಂಬಿ ಬಿಟ್ಟಳು. ಸೆರಗಿನಲ್ಲಿ ಮುಖ ಒರಸಿಕೊಳ್ಳುತ್ತಾ ನನ್ನ ಕಡೆ ನೋಡಿದಳು. ನಾನು ಆ ವಾರದ ತೂಕ ನೋಡಿರಲಿಲ್ಲ, ಯಾವ ಲೆಕ್ಕವನ್ನೂ ಹಾಕಿರಲಿಲ್ಲ.

"ಆಗ್ತದೆ ಮಾವ" ಎಂದೆ.